ಅಬಕಾರಿ ಮೂಗು, ಎಸ್ತೇರಕ್ಕನ ಭರಣಿ

ಅಬಕಾರಿ ನೌಕರಿಗೆ ಹೊಸದಾಗಿ ಸೇರುವವರಿಗೆ ನನ್ನ ಮೊದಲ ಮಾತು: ಒಬ್ಬರೇ ಕೂತು ಉಣ್ಣುವುದನ್ನು ಕಲಿತುಕೊಳ್ಳಿ. ಕಾಯ್ದೆಯನ್ನು ಇಲಾಖೆ ಕಲಿಸುತ್ತದೆ, ಪಂಚನಾಮೆ ಬರೆಯುವುದನ್ನು ಹಳೆಯ ಗುಮಾಸ್ತರು ಕಲಿಸುತ್ತಾರೆ. ಇದೊಂದನ್ನು ಯಾರೂ ಕಲಿಸುವುದಿಲ್ಲ. ಸರ್ವಿಸಿನುದ್ದಕ್ಕೂ ದಿನಕ್ಕೆ ಎರಡು ಹೊತ್ತು ಬೇಕಾಗುವುದು ಇದೇ.

ಹೋದ ತಿಂಗಳು ಇಲಾಖೆಗೆ ಹೊಸದಾಗಿ ಆಯ್ಕೆಯಾದ ಇಬ್ಬರು ತರುಣರು ನನ್ನ ಮನೆಗೆ ಬಂದಿದ್ದರು. "ನಿಮ್ಮ ಅನುಭವ ಹೇಳ್ರಿ ಸಾಹೇಬ್ರ" ಎಂದರು. ಹೇಳುತ್ತಿರುವಾಗ ಅವರ ಕಣ್ಣು ಮೂಲೆಯಲ್ಲಿದ್ದ ಚೀನಿ ಭರಣಿಯ ಮೇಲೆ ಹೋಯಿತು. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಒಬ್ಬ ಮೂಗು ಅರಳಿಸಿದ. ನನಗೆ ಖುಷಿಯಾಯಿತು; ಇವನಿಗೆ ಮೂಗಿದೆ, ಬದುಕಿಕೊಳ್ಳುತ್ತಾನೆ.

"ದ್ರಾಕ್ಷಿ ವಾಸನಿ ಬರಾಕತ್ತದಲ್ರಿ?"

"ಹೌದಪ್ಪ. ವೈನು. ನಾನೇ ಹಾಕೀನಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಜೀವಮಾನವೆಲ್ಲ ಊರವರ ಗಡಿಗೆ ಒಡೆದವನ ಮನೆಯಲ್ಲೇ ಭರಣಿ! ಕೊನೆಗೆ ಒಬ್ಬ ಧೈರ್ಯ ಮಾಡಿ, ಮನೆಯಲ್ಲಿ ಇದನ್ನು ಮಾಡುವುದು ಹೇಗೆ ಎಂದು ಕೇಳಿದ. ಅಂದು ಅವರಿಗೆ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಯಾವಾಗ ಜಮೇದಾರನಾದೆ, ಯಾವಾಗ ಸಬ್ ಇನ್ಸ್‌ಪೆಕ್ಟರನಾದೆ ಎಂಬುದನ್ನು ಬಿಟ್ಟಿದ್ದೇನೆ. ಅದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಇಲಿಗಳು ಓದಿಕೊಳ್ಳಲಿ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಐವತ್ತಾರನೆಯ ಇಸವಿಯಲ್ಲಿ ನಾನು ಬಸವಕಲ್ಯಾಣದಲ್ಲಿ ಅಬಕಾರಿ ಜವಾನನಾಗಿದ್ದೆ. ಊರವರ ಬಾಯಲ್ಲಿ ಅದು ಬರೀ ಕಲ್ಯಾಣಿ. ಕಚೇರಿಯ ಕಾಗದಗಳು ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿದ್ದ ಕಾಲ. ಗುಮಾಸ್ತರು ಬಲದಿಂದ ಎಡಕ್ಕೆ ಬರೆಯಲು ಹೋಗಿ, ನೆನಪಾಗಿ, ಎಡದಿಂದ ಬಲಕ್ಕೆ ಬರುತ್ತಿದ್ದರು. ಭಾಷೆ ಬದಲಾದರೂ ಜಪ್ತಿ ಜಪ್ತಿಯೇ ಆಗಿತ್ತು, ದಸ್ತಖತ್ತು ದಸ್ತಖತ್ತೇ ಆಗಿತ್ತು.

ನಮ್ಮ ಮೇಲೆ ನಿಜಾಮರ ಕಾಲದ ದಾರೋಗಾ ಸಾಹೇಬರೊಬ್ಬರಿದ್ದರು. ಬಿಳಿ ಗಡ್ಡ, ಇಸ್ತ್ರಿಯ ಶೇರವಾನಿ. ಅವರ ಬಳಿ ಅಳೆಯುವ ಯಾವ ಸಾಮಾನೂ ಇರಲಿಲ್ಲ. ಗಡಿಗೆಯ ಬಾಯಿಗೆ ಬಗ್ಗಿ ಒಮ್ಮೆ ಉಸಿರೆಳೆದರೆ ಸೇಂದಿ ಯಾವ ದಿನ ಇಳಿಸಿದ್ದು, ಅದಕ್ಕೆ ಏನು ಬೆರೆಸಿದ್ದಾರೆ ಎಲ್ಲ ಹೇಳುತ್ತಿದ್ದರು. ನನಗೆ ಹೇಳಿಕೊಟ್ಟದ್ದು ಒಂದೇ ಪಾಠ: "ನಾಕ್ ಸೆ ಪಹಚಾನೋ ಬೇಟಾ, ಜಬಾನ್ ಕೊ ಮತ್ ಲಗಾವೋ." ಮೂಗಿನಿಂದ ಗುರುತಿಸು, ನಾಲಿಗೆಗೆ ತಾಗಿಸಬೇಡ. ನಾನು ಕೊಹಿನೂರಿನ ರೈತರ ಮನೆಯವನು, ನಮ್ಮಲ್ಲಿ ಕುಡಿತದ ರೂಢಿ ಇರಲಿಲ್ಲ. ಹಾಗಾಗಿ ಆ ಪಾಠ ಸುಲಭವಾಯಿತು. ನೌಕರಿ ಮುಗಿಯುವವರೆಗೂ ಒಂದು ಹನಿ ನಾಲಿಗೆಗೆ ತಾಗಿಸಲಿಲ್ಲ.

ಮೂಗೊಂದಿದ್ದರೆ ಸಾಲದು, ಅದಕ್ಕೆ ನೆಗಡಿಯೂ ಆಗಬಾರದು. ಇದನ್ನು ಕೊಡಂಬಲದಲ್ಲಿ ಕಲಿತೆ. ಒಂದು ಕುರುಬರ ಮನೆಯಲ್ಲಿ ಕಳ್ಳಭಟ್ಟಿಯ ಕೊಳೆ, ಅಂದರೆ ಭಟ್ಟಿ ಇಳಿಸಲು ಹುಳಿಯಬಿಟ್ಟ ಬೆಲ್ಲದ ನೀರು, ಇಟ್ಟಿದ್ದಾರೆಂದು ಅರ್ಜಿ ಬಂದಿತ್ತು. ಹೋದೆವು. ಗೋಡೆ ಬದಿಗೆ ಮೂರು ಗಡಿಗೆ, ಬಾಯಿಗೆ ಬಟ್ಟೆ, ಒಳಗೆ ಬುರುಗು. ನನಗೆ ನಾಲ್ಕು ದಿನದಿಂದ ನೆಗಡಿ. ಬುರುಗು ಕಂಡದ್ದೇ ಸಾಕಾಯಿತು, ಲಾಠಿ ಬೀಸಿದೆ. ಮೂರೂ ಹೋದವು.

ಒಳಗಿನಿಂದ ಮುದುಕಿಯೊಬ್ಬಳು ಬಂದಳು. ಬೈಯಲಿಲ್ಲ. ನೆಲದ ಮೇಲೆ ಹರಿದದ್ದನ್ನು ಬೆರಳಲ್ಲಿ ಬಳಿದು ನನ್ನ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡಪ್ಪಾ. ಅಂಬಲಿ. ಮಂದಿ ಉಣ್ಣಿ ಕತ್ತರಸಾಕ ಬಂದಾರ. ಈಗ ಅವರಿಗಿ ಏನ ಹಾಕಲಿ?"

ಹೊರಗೆ ಬೇವಿನ ಮರದಡಿ ಏಳೆಂಟು ಜನ ಕುರಿಗಳನ್ನು ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದರು. ಜೋಳದ ಅಂಬಲಿ, ಹುಳಿ ಬರಲೆಂದು ಎರಡು ದಿನ ಇಟ್ಟದ್ದು. ಪಂಚನಾಮೆಯಲ್ಲಿ "ಏನೂ ಸಿಗಲಿಲ್ಲ" ಎಂದು ಬರೆದೆವು. ಮೂರು ಗಡಿಗೆ ಒಡೆದದ್ದನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಆ ಜನ ಅಂದು ಮಧ್ಯಾಹ್ನ ಏನು ಉಂಡರೋ ನನಗೆ ಗೊತ್ತಿಲ್ಲ, ನಾನಂತೂ ಉಣ್ಣಲಿಲ್ಲ.

ಆಮೇಲೆ ಹುಳಿಗಳನ್ನು ಕಲಿಯಲು ಕೂತೆ. ಅಂಬಲಿಯ ಹುಳಿ ಬೇರೆ, ಮಜ್ಜಿಗೆಯದು ಬೇರೆ. ಬೆಲ್ಲದ ಕೊಳೆ ಗಂಟಲ ಹಿಂಭಾಗಕ್ಕೆ ಕೂರುತ್ತದೆ. ಉಪ್ಪಿನಕಾಯಿಗೆ ಹಾಕುವ ಸಿರ್ಕಾ, ಅಂದರೆ ವಿನೆಗರ್, ನೇರ ಕಣ್ಣಿಗೆ ಹೊಡೆಯುತ್ತದೆ. ಹಣ್ಣು ವೈನಾಗುವಾಗಿನ ವಾಸನೆ ಮಾತ್ರ ಮೆತ್ತಗೆ, ಹೂವಿನಂಗಡಿಯ ಮುಂದೆ ಹಾದುಹೋದ ಹಾಗೆ. ಕೆಲವೇ ವರ್ಷದಲ್ಲಿ ನನ್ನ ಮೂಗು ಜಿಲ್ಲೆಯಲ್ಲೆಲ್ಲ ಹೆಸರಾಯಿತು.

ಹೆಸರಾದದ್ದರ ಫಲ ಕೇಳಿ. ನಾನು ಮದುವೆ ಮನೆಗೆ ಕಾಲಿಟ್ಟರೆ ಹಿತ್ತಲಿನ ಗದ್ದಲ ಥಟ್ಟನೆ ನಿಲ್ಲುತ್ತಿತ್ತು. ಅಕ್ಷತೆ ಹಾಕಿ ಹೊರಟರೆ "ಉಂಡು ಹೋಗ್ರಿ ಜಮೇದಾರ್ರ" ಎನ್ನುತ್ತಲೇ ನನ್ನ ಚಪ್ಪಲಿ ಹುಡುಕಿ ಮುಂದಿಡುತ್ತಿದ್ದರು. ಹೋಟೆಲಿನಲ್ಲಿ ನಾನು ಕೂತ ಬೆಂಚಿನ ಮೇಲೆ ಇನ್ನೊಬ್ಬ ಕೂರುತ್ತಿರಲಿಲ್ಲ. ನನಗೂ ಮದುವೆಯಾಗಿತ್ತು. ಎರಡನೆಯ ವರ್ಷಕ್ಕೆ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಇನ್ನೊಂದು ಮಾಡಿಕೊ ಎಂದು ಅಣ್ಣ ಓಡಾಡಿದ. ಹೆಣ್ಣಿನ ಕಡೆಯವರು "ವರ ಏನ ಮಾಡ್ತಾನ್ರಿ?" ಎಂದು ಕೇಳುತ್ತಿದ್ದರು, ಉತ್ತರ ಕೇಳಿದ ಮೇಲೆ ಮತ್ತೆ ಬರುತ್ತಿರಲಿಲ್ಲ. ಒಂಟಿತನ ನನಗೆ ಅಭ್ಯಾಸವಾಯಿತೆಂದು ಎಲ್ಲರೂ ತಿಳಿದರು. ಅಭ್ಯಾಸವಾಗಲಿಲ್ಲ. ಹೇಳಿಕೊಳ್ಳುವುದನ್ನು ಬಿಟ್ಟೆ, ಅಷ್ಟೇ.

ಕಲ್ಯಾಣಿಯಿಂದ ಹುಮನಾಬಾದಿಗೆ ವರ್ಗವಾದಾಗ ಬಾಡಿಗೆಗೆ ಕೋಣೆ ಸಿಗುವುದೇ ಕಷ್ಟವಾಯಿತು. ಕೊನೆಗೆ ಒಂದು ಅಂಗಳದ ಸುತ್ತ ಎರಡೇ ಮನೆಗಳಿದ್ದ ಜಾಗದಲ್ಲಿ ಒಂದು ಸಿಕ್ಕಿತು. ಇನ್ನೊಂದರಲ್ಲಿ ಎಸ್ತೇರಕ್ಕ ಇದ್ದರು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅರ್ಧ ಹುಮನಾಬಾದು ಅವರ ಕೈಯಲ್ಲಿ ಹುಟ್ಟಿತ್ತು. ನನ್ನನ್ನು ಕಂಡರೆ ಓಣಿ ಖಾಲಿಯಾಗುತ್ತಿತ್ತು, ಅವರನ್ನು ಕಂಡರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಒಂದೇ ಅಂಗಳದಲ್ಲಿ ದೇವರು ಎಂಥ ಜೋಡಿಯನ್ನು ಇಟ್ಟಿದ್ದ ನೋಡಿ.

ಹೋಳಿ ಹುಣ್ಣಿವೆ ಕಳೆದು ವಾರವಾಗಿತ್ತು. ಒಂದು ಮುಂಜಾನೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ, ಅವರ ಕಿಟಕಿಯಿಂದ ಆ ಮೆತ್ತಗಿನ ವಾಸನೆ ಬಂತು. ಕಪ್ಪು ದ್ರಾಕ್ಷಿ, ಹಾಕಿ ಐದಾರು ದಿನವಾಗಿರಬೇಕು, ಜೊತೆಗೆ ಲವಂಗ. ನನಗೆ ತಿಳಿಯಿತು. ಎದುರು ನಿಂತಿದ್ದ ಎಸ್ತೇರಕ್ಕನಿಗೆ, ನನಗೆ ತಿಳಿಯಿತೆಂಬುದು ತಿಳಿಯಿತು. ಬಾಯಿ ಮುಕ್ಕಳಿಸಿ ಒಳಗೆ ಬಂದೆ. ಅವತ್ತು ಕಚೇರಿಗೆ ಹೋಗಿ ಏನೂ ಹೇಳಲಿಲ್ಲ. ಇದು ಕರ್ತವ್ಯಲೋಪ, ಹೊಸಬರು ಕಲಿಯಬೇಕಾದದ್ದಲ್ಲ.

ಆ ಭರಣಿ ಕ್ರಿಸ್ಮಸ್ಸಿಗೆ. ಡಿಸೆಂಬರಿನಲ್ಲಿ ಅವರ ದೇವಾಲಯದ ಜನ ಹೊಸ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಕಪಾಟಿನಿಂದ ಹೂ ಕೊರೆದ ಸಣ್ಣ ಗಾಜಿನ ಲೋಟಗಳು ಹೊರಬರುತ್ತಿದ್ದವು. ಒಬ್ಬೊಬ್ಬರಿಗೆ ಎರಡು ಗುಟುಕು, ಹೆಚ್ಚಿಲ್ಲ. ಅದು ಅಮಲಿಗಲ್ಲ, ನೀನು ನಮ್ಮವ ಎಂದು ಹೇಳಲಿಕ್ಕೆ. ನನಗೆ ತಟ್ಟೆ ಬರುತ್ತಿತ್ತು. ಕರ್ಚಿಕಾಯಿ, ಚಕ್ಕುಲಿ, ಒಂದು ತುಂಡು ಕೇಕು, ಮೇಲೆ ಮುಚ್ಚಿದ ಕಸೂತಿ ಬಟ್ಟೆ. ಲೋಟ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ, ಹುಲಿಗೆ ಕುರಿ ಲೆಕ್ಕ ಒಪ್ಪಿಸುವವರುಂಟೆ? ಗೋಡೆಯ ಆಚೆ ನಗು ಕೇಳುತ್ತಿತ್ತು. ಈಚೆ ನಾನು ಕರ್ಚಿಕಾಯಿ ತಿನ್ನುತ್ತಿದ್ದೆ. ನನಗೆ ವೈನಿನ ಆಸೆ ಇರಲಿಲ್ಲ, ಆ ಲೋಟದ ಆಸೆ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಆಸೆ ಬಹಳವೇ ಇತ್ತು.

ಮೂರನೆಯ ವರ್ಷ ನಾನೇ ಹಾಕಲು ಹೊರಟೆ. ಮಾಡುವವರನ್ನು ಅಷ್ಟು ವರ್ಷ ಹಿಡಿದಿದ್ದೇನೆ, ಮಾಡಲು ಬಾರದೇ ಎಂಬ ಸೊಕ್ಕು. ದ್ರಾಕ್ಷಿ ತಂದು ಹಿಸುಕಿ, ಸಕ್ಕರೆ ಸುರಿದು, ಭರಣಿಗೆ ಕುತ್ತಿಗೆಯವರೆಗೆ ತುಂಬಿದೆ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಕಲಿತ ಕೆಲಸ ಮಾಡಿತು. ಜಪ್ತಿ ಮಾಡಿದ ಮಾಲಿಗೆ ಏನು ಮಾಡುತ್ತೇವೆ? ಬಾಯಿ ಮುಚ್ಚಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಹುರಿಯಿಂದ ನಾಲ್ಕು ಸುತ್ತು ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತೇವೆ, ಗಾಳಿ ಆಡದ ಹಾಗೆ. ನಾನೂ ಹಾಗೇ ಮಾಡಿದೆ. ಹಿತ್ತಾಳೆಯ ಮುದ್ರೆ ಕಚೇರಿಯದು, ಅದನ್ನು ಒತ್ತಬಾರದು ಎನ್ನುವಷ್ಟು ಬುದ್ಧಿ ಇತ್ತು, ಅಂಗಿಯ ಗುಂಡಿಯೊಂದನ್ನು ಒತ್ತಿದೆ. ಎಂಥ ಅಂದವಾದ ಸೀಲು! ಯಾವ ಕೋರ್ಟಿನಲ್ಲಾದರೂ ನಿಲ್ಲುತ್ತಿತ್ತು.

ನಾಲ್ಕನೆಯ ದಿನ ಭಾನುವಾರ, ಮಧ್ಯಾಹ್ನದ ಬಿಸಿಲು. ಚಾಪೆಯ ಮೇಲೆ ಅಡ್ಡಾಗಿದ್ದೆ. ಗುಂಡು ಹಾರಿದಂಥ ಸದ್ದು. ಕಣ್ಣು ಬಿಟ್ಟರೆ ಭರಣಿ ಎರಡು ಹೋಳು. ಗೋಡೆ, ಮಾಡು, ಗೂಟಕ್ಕೆ ತೂಗಿದ್ದ ಖಾಕಿ ಅಂಗಿ ಎಲ್ಲ ಕೆಂಪು. ಎಸ್ತೇರಕ್ಕ ಓಡಿ ಬಂದರು. ಯಾರೋ ನನ್ನನ್ನು ಕೊಂದರೆಂದೇ ತಿಳಿದಿದ್ದರಂತೆ, ಕೈಯಲ್ಲಿ ಹತ್ತಿ, ಪಟ್ಟಿ ಇತ್ತು. ಬಾಗಿಲಲ್ಲಿ ನಿಂತು ನೋಡಿದರು. ಕೆನ್ನೆಯ ಮೇಲೆ ದ್ರಾಕ್ಷಿ ಸಿಪ್ಪೆ ಅಂಟಿಸಿಕೊಂಡು ನಾನು ಕೂತಿದ್ದೆ. ಬಗ್ಗಿ ಒಂದು ಹೋಳು ಎತ್ತಿಕೊಂಡು ಅದರ ಕುತ್ತಿಗೆಯನ್ನು ನೋಡಿದರು.

"ಅರಗು ಹಾಕೀರೇನ್ರಿ ಜಮೇದಾರ್ರ?"

"ಹೌದ್ರಿ."

"ಸೀಲ್ ಮಾಡೀರಿ?"

"ಹೌದ್ರಿ ಅಕ್ಕಾ."

"ಹಸಿ ದ್ರಾಕ್ಷಿನ ಜಪ್ತಿ ಮಾಡೀರಲ್ರಿ, ನನ್ನಪ್ಪಾ!" ಎಂದವರು ಹೊಸ್ತಿಲ ಮೇಲೆ ಕೂತುಬಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನಗೂ ನಗು ಬಂತು. ಆ ಊರಿಗೆ ಬಂದ ಮೇಲೆ ನಾನು ಜೋರಾಗಿ ನಕ್ಕದ್ದು ಅದೇ ಮೊದಲು. ಇಬ್ಬರೂ ಸೇರಿ ಗೋಡೆ ತೊಳೆದೆವು, ಅಂಗಿಯ ಕಲೆ ಮಾತ್ರ ಹೋಗಲಿಲ್ಲ.

ಅಲ್ಲಿಂದ ಅವರು ನನ್ನ ಗುರುವಾದರು. ಮನೆಯಲ್ಲಿ ವೈನು ಹಾಕುವ ಹವ್ಯಾಸದವರು ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಬೇಕು. ಅದಕ್ಕೂ ಮೊದಲು ಕಾಯ್ದೆ ಏನನ್ನುತ್ತದೆಂದು ಕೇಳಿಕೊಳ್ಳಿ, ಪರವಾನಗಿ ಬೇಕಾದಲ್ಲಿ ತೆಗೆದುಕೊಳ್ಳಿ. ನಾವಿಬ್ಬರೂ ಕೇಳಿರಲಿಲ್ಲ, ನಾನಂತೂ ಕೇಳಬೇಕಾದವನೇ ಆಗಿದ್ದೆ. ಆ ತಪ್ಪನ್ನು ಈ ಕಾಗದದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ.

ದ್ರಾಕ್ಷಿ ಕಪ್ಪಗೆ, ಪೂರ್ತಿ ಹಣ್ಣಾಗಿರಬೇಕು. ಒಂದು ಕೊಳೆತದ್ದು ಉಳಿದರೂ ಭರಣಿ ಕೆಡುತ್ತದೆ. ತೊಳೆದು, ಬಟ್ಟೆಯ ಮೇಲೆ ಹರವಿ, ಹನಿ ನೀರಿಲ್ಲದಂತೆ ಆರಿಸಿ, ತೊಟ್ಟು ಬಿಡಿಸಿ ಕೈಯಿಂದಲೇ ಹಿಸುಕಬೇಕು. ಬೀಜ ಒಡೆದರೆ ಕಹಿ. ಎಸ್ತೇರಕ್ಕನ ಅಳತೆ, ಒಂದು ಸೇರು ಹಣ್ಣಿಗೆ ಮುಕ್ಕಾಲು ಸೇರು ಸಕ್ಕರೆ, ಕುದಿಸಿ ಆರಿಸಿದ ನೀರು ಒಂದೂವರೆ ಸೇರು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಬೆರಳುದ್ದ ಚಕ್ಕೆ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಹತ್ತಿರವೂ ತರಬಾರದು. ಚೀನಿ ಭರಣಿ, ಕಟ್ಟಿಗೆಯ ಸೌಟು. ಭರಣಿಯ ಮೂರರಲ್ಲಿ ಒಂದು ಪಾಲು ಖಾಲಿ ಇರಬೇಕು. ಮೇಲೆ ತೆಳು ಬಟ್ಟೆ, ಒಂದೇ ಸುತ್ತು ದಾರ. "ಅದೂ ಉಸುರು ಹಾಕ್ತದ್ರಿ. ಕೂಸು ಇದ್ಹಂಗ. ಮಾರಿ ಮ್ಯಾಲ ಗಾದಿ ಹಾಕ್ತಾರೇನ್ರಿ?" ಎನ್ನುತ್ತಿದ್ದರು. ದಿನಕ್ಕೊಮ್ಮೆ ತಿರುವಬೇಕು. ಬುರುಗು ಏಳುವುದು ನಿಂತ ಮೇಲೆ, ಸುಮಾರು ಮೂರು ವಾರಕ್ಕೆ, ಹಿಂಡಿ ಸೋಸಿ ಮತ್ತೆ ತೊಳೆದ ಭರಣಿಗೆ ಹಾಕಿ, ಈಗ ಬಾಯಿ ಮುಚ್ಚಬೇಕು. ಆಗಲೂ ಅರಗು ಬೇಡ. ತಳಕ್ಕೆ ಗಸಿ ಕೂರುತ್ತದೆ. ತಿಂಗಳಿಗೊಮ್ಮೆ ಅಲುಗಾಡಿಸದೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ಆಮೇಲೆ ಮಾಡುವ ಕೆಲಸವೇನೂ ಇಲ್ಲ, ಕಾಯಬೇಕು. ಒಂಟಿ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಹವ್ಯಾಸವಿಲ್ಲ. ಮನೆಗೆ ಬಂದರೆ ಒಳಗೆ ಏನೋ ಒಂದು ಜೀವಂತ ಇದೆ ಎನ್ನಿಸುತ್ತದೆ. ನಾನು ಭರಣಿಗೆ ಕಿವಿಯಿಟ್ಟು ಆ ಗುಳುಗುಳು ಸದ್ದು ಕೇಳುತ್ತ ಕೂತದ್ದುಂಟು.

ನಾನು ಹಾಕಿದ್ದೆಲ್ಲ ಸೋಸಿ ಅವರ ಭರಣಿಗೇ ಹೋಗುತ್ತಿತ್ತು. ಒಂದು ಕ್ರಿಸ್ಮಸ್ಸಿಗೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅಕ್ಕಾ, ನನಗ ಆ ಲೋಟ ಯಾವಾಗ?"

ಅವರು ನಗಲಿಲ್ಲ. ತಟ್ಟೆಯನ್ನು ನನ್ನ ಮುಂದಿಟ್ಟು ಕೂತರು.

"ನಿಮ್ಮ ನೌಕರಿ ಇರೋತನ ಕೊಡಂಗಿಲ್ರಿ. ನಾಳಿ ಯಾರರ ಕೇಳಿದ್ರ, ಆಕಿ ಮನ್ಯಾಗ ಕುಡದಿಲ್ಲ ಅಂತ ನೀವು ಖರೇನ ಹೇಳಬೇಕು. ನನ್ನ ಸಲುವಾಗಿ ನಿಮ್ಮ ಬಾಯಾಗ ಸುಳ್ಳ ಬರಬಾರದು. ಪೆನ್ಶನ್ ಆಗೂ ದಿನ ಬರ್ರಿ. ಮೊದಲ್ನೇ ಲೋಟ ನಿಮಗ."

"ಅದಕ್ಕ ಇನ್ನ ಭಾಳ ವರ್ಷ ಅದಾವ್ರಿ."

"ಇಟ್ಟಷ್ಟು ಚಲೋ ಆಗ್ತದ್ರಿ," ಎಂದರು.

ಹೀಗೆ ನನ್ನ ಪೆನ್ಶನ್ನಿಗೆ ಒಂದು ಅರ್ಥ ಬಂತು. ಉಳಿದವರು ಗ್ರ್ಯಾಚುಟಿ ಎಣಿಸುತ್ತಿದ್ದರು, ನಾನು ಒಂದು ಲೋಟಕ್ಕಾಗಿ ಕಾಯುತ್ತಿದ್ದೆ.

ಮತ್ತೆ ಕಲ್ಯಾಣಿಗೆ ವರ್ಗವಾಯಿತು. ಅಲ್ಲಿ ಮತ್ತೆ ಒಂದು ಕೋಣೆ, ಒಂದು ಸ್ಟೋವು, ಒಂದು ತಟ್ಟೆ. ದ್ರಾಕ್ಷಿಯ ಕಾಲದಲ್ಲಿ ರಜೆ ಹಾಕಿ ಹುಮನಾಬಾದಿನ ಬಸ್ಸು ಹತ್ತುತ್ತಿದ್ದೆ. ಇಬ್ಬರೂ ಅಂಗಳದಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದೆವು. ಸಂಜೆ ಬಸ್ಸಿಗೆ ವಾಪಸು. ವರ್ಷಕ್ಕೆ ಅಂಥ ನಾಲ್ಕೈದು ದಿನ, ಅಷ್ಟೇ ನನ್ನ ಸಂಸಾರ.

ಇತ್ತ ಇಲಾಖೆಯಲ್ಲಿ ಎಲ್ಲ ಬದಲಾಗುತ್ತಿತ್ತು. ಮಣ್ಣಿನ ಗಡಿಗೆಗಳ ಜಾಗಕ್ಕೆ ಲಾರಿ ಟ್ಯೂಬು, ಪ್ಲಾಸ್ಟಿಕ್ ಡಬ್ಬಿ ಬಂದವು. ಸೈಕಲ್ಲಿನ ಬದಲು ಜೀಪು. ಮೂಗಿನ ಬದಲು ದ್ರವದಲ್ಲಿ ತೇಲಿಬಿಟ್ಟು ಅಳೆಯುವ ಗಾಜಿನ ಕೊಳವೆ. ಹೊಸದಾಗಿ ಬಂದ ಇನ್ಸ್‌ಪೆಕ್ಟರರು ಮೈಸೂರು ಸೀಮೆಯವರು, ಓದಿದವರು, ಲಂಚ ಮುಟ್ಟದವರು. ಅವರ ಮೂಗು ಮಾತ್ರ ಬರೀ ಉಸಿರಾಟಕ್ಕೆ ಇತ್ತು. ಒಮ್ಮೆ ಬೇಮಳಖೇಡಕ್ಕೆ ಹೋದಾಗ, ಜೀಪಿನ ಸದ್ದಿಗೆ ಹೆದರಿ ಯಾರೋ ಇಡೀ ಕೊಳೆಯನ್ನು ದನದ ಬಾನಿಗೆ ಸುರಿದಿದ್ದರು. ನಾವು ತಲುಪುವಷ್ಟರಲ್ಲಿ ಎರಡು ಎಮ್ಮೆ ಕುಡಿದು ನಿಂತಲ್ಲೇ ತೂಗಾಡುತ್ತಿದ್ದವು. ಸಾಹೇಬರು ಬಾನಿಯಲ್ಲಿ ಕೊಳವೆ ತೇಲಿಬಿಟ್ಟು ಕನ್ನಡಕ ಏರಿಸಿ ಅಂಕಿ ಓದಲು ಬಗ್ಗಿದರು. ಮೂರನೆಯ ಎಮ್ಮೆಗೆ ತಡೆಯಲಾಗಲಿಲ್ಲ, ಮೂತಿ ಹಾಕಿತು. ಕೊಳವೆ ಚೂರಾಯಿತು. "ಇದನ್ನು ಹೇಗ್ರೀ ರಿಪೋರ್ಟ್ ಮಾಡೋದು?" ಎಂದು ಸಾಹೇಬರು ನನ್ನನ್ನು ಕೇಳಿದರು. ಆಮೇಲೆ ನನ್ನ ಮೂಗಿಗೆ ಮತ್ತೆ ಬೆಲೆ ಬಂತು. ಆ ಬೆಲೆಯೇ ನನಗೆ ಮುಳುವಾಯಿತು.

ನಾನು ನಿವೃತ್ತನಾಗುವ ವರ್ಷ. ಎಸ್ತೇರಕ್ಕ ಆಗಲೇ ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು. ಹೋಳಿಯ ವೇಳೆಗೆ ದೊಡ್ಡ ಭರಣಿ ಹಾಕಿದೆವು. "ಇದ ಕಡೀದು ಜಮೇದಾರ್ರ. ನಿಮ್ಮ ಪೆನ್ಶನ್ನಿಂದು. ಇನ್ನ ನನ್ನ ಕೈಲಿ ಆಗಂಗಿಲ್ಲ" ಎಂದರು. ದೀಪಾವಳಿ ಕಳೆದ ತಿಂಗಳಲ್ಲಿ ನನ್ನ ನಿವೃತ್ತಿ. ಅಷ್ಟರಲ್ಲಿ ಅದು ತಿಳಿಯಾಗಿರುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರರು ಕಲ್ಯಾಣಿಗೆ ಬಂದು ನನ್ನನ್ನು ಜೀಪಿಗೆ ಹತ್ತಿಸಿಕೊಂಡರು. ಎಲ್ಲಿಗೆ ಎಂದು ಹೇಳಲಿಲ್ಲ. ಸುದ್ದಿ ಸೋರದಿರಲೆಂದು ಅದು ಅವರ ಪದ್ಧತಿ, ಒಳ್ಳೆಯ ಪದ್ಧತಿಯೇ. ಹುಮನಾಬಾದು ಬಂತು. ಜೀಪು ಎಸ್ತೇರಕ್ಕನ ಓಣಿಗೆ ಹೊರಳಿತು.

ಯಾರೋ ಹೆಸರಿಲ್ಲದ ಅರ್ಜಿ ಬರೆದಿದ್ದರು. ಭರಣಿಯನ್ನು ಹುಡುಕುವ ಶ್ರಮವೂ ಆಗಲಿಲ್ಲ, ಅಡಿಗೆಮನೆಯಲ್ಲಿ ಎದುರಿಗೇ ಇತ್ತು. ಇಬ್ಬರು ಪಂಚರನ್ನು ಕರೆಸಿದರು. ಸಾಹೇಬರು ನನ್ನತ್ತ ತಿರುಗಿದರು.

"ಏನ್ರೀ ಇದು? ವಾಸನೆ ನೋಡಿ ಹೇಳಿ. ನೀವು ಹೇಳಿದ್ದನ್ನೇ ಬರೀತೀನಿ."

ನಾನು ಬಗ್ಗಿ ಮುಚ್ಚಳ ತೆಗೆದೆ. ನನ್ನ ಕೈಯಲ್ಲೇ ತೊಟ್ಟು ಬಿಡಿಸಿದ ದ್ರಾಕ್ಷಿ. ಅಷ್ಟು ಒಳ್ಳೆಯ ವಾಸನೆಯ ಭರಣಿಯನ್ನು ನಾವು ಅದಕ್ಕೂ ಮೊದಲು ಹಾಕಿರಲಿಲ್ಲ. ಎಸ್ತೇರಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು.

"ಇದ್ದದ್ದ ಹೇಳ್ರಿ ಜಮೇದಾರ್ರ," ಎಂದರು. "ಈ ವಯಸ್ಸಿನ್ಯಾಗ ನನಗೇನ ಆಗ್ತದ? ಇದ್ದದ್ದ ಹೇಳ್ರಿ."

ಮೂವತ್ತು ವರ್ಷ ಇದ್ದದ್ದನ್ನೇ ಹೇಳಿದ ಬಾಯಿ ಅದು. ಅರ್ಧ ಊರಿಗೆ ಸೂಲಗಿತ್ತಿಯಾದ ಹೆಂಗಸು, ಜೀಪಿನಲ್ಲಿ ಕೂತು ಆ ಓಣಿಯಲ್ಲಿ ಹೋಗುವುದನ್ನು ನೆನೆದೆ.

"ಸಿರ್ಕಾ ಸಾಹೇಬ್ರ," ಎಂದೆ. "ಉಪ್ಪಿನಕಾಯಿಗಿ ಹಾಕ್ತಾರಲ್ರಿ, ಅದು. ಇನ್ನೂ ಪೂರಾ ಆಗಿಲ್ಲ. ಆಗಾಕತ್ತದ."

ಸಾಹೇಬರು ನನ್ನನ್ನು ಬಹಳ ಹೊತ್ತು ನೋಡಿದರು. ದಡ್ಡರಲ್ಲ. "ಸರಿ. ಸಿರ್ಕಾ ತಯಾರಾಗುತ್ತಿದೆ ಅಂತಲೇ ಬರೀರಿ, ನೀವೇ ಸಹಿ ಹಾಕಿ. ಭರಣಿ ಇಲ್ಲೇ ಇರಲಿ. ಮಳೆ ಶುರುವಾದ ಮೇಲೆ ನಾನೇ ಬಂದು ನೋಡ್ತೀನಿ. ಆಗ ಸಿರ್ಕಾ ಆಗಿರದಿದ್ರೆ ಕೇಸು ಇವರ ಮೇಲೂ ಆಗುತ್ತೆ, ನಿಮ್ಮ ಮೇಲೂ ಆಗುತ್ತೆ." ನಾನು ಬರೆದೆ. ಸಹಿ ಹಾಕಿದೆ. ನನ್ನ ಕೈಬರಹ ಆ ಪಂಚನಾಮೆಯಲ್ಲಿ ಇದ್ದಷ್ಟು ಸ್ಪಷ್ಟ ಬೇರೆಲ್ಲೂ ಇಲ್ಲ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಮೊದಲ ಸಲ ಎಸ್ತೇರಕ್ಕ ನನ್ನ ಮೇಲೆ ಸಿಟ್ಟಾದದ್ದನ್ನು ಕಂಡೆ.

"ಯಾಕ ಸುಳ್ಳ ಬರದ್ರಿ? ಇಷ್ಟ ವರ್ಷ ಕಾಯ್ಕೊಂಡ ಬಂದದ್ದು ಇದಕ್ಕೇನ್ರಿ? ನಿಮ್ಮ ಪೆನ್ಶನ್ ಹೋದ್ರ?"

 ಬೈದು ಮುಗಿಸಿ ಅವರೇ ಎದ್ದರು.

"ಆತು. ಬರದೀರಿ. ಈಗ ಅದನ್ನ ಖರೆ ಮಾಡಬೇಕಲ್ಲ."

ಕಪಾಟಿನಿಂದ ಹಳೆಯ ಸಿರ್ಕಾದ ಬಾಟಲಿ ತೆಗೆದರು. ಭರಣಿಯ ಮುಚ್ಚಳ ತೆಗೆಯಲು ನನಗೆ ಹೇಳಿದರು. ಸೌಟಿಗೆ ಸಿರ್ಕಾ ಸುರಿದುಕೊಂಡರು, ನಡುಗುವ ಕೈಯಿಂದ ಅರ್ಧ ಹೊರಗೆ ಚೆಲ್ಲಿತು. ಉಳಿದದ್ದನ್ನು ಭರಣಿಗೆ ಹಾಕಿ ತಿರುವಿದರು. ಹಾಲಿಗೆ ಹೆಪ್ಪು ಹಾಕಿದಂತೆ ಅಷ್ಟೇ ಕೆಲಸ. ಅಗಲ ಬಾಯಿಗೆ ಜಾಳು ಬಟ್ಟೆ ಕಟ್ಟಿ, ಬಿಸಿ ಗಾಳಿಯಾಡುವ ಪಡಸಾಲೆಗೆ ಭರಣಿಯನ್ನು ನಾನೇ ಎಳೆದು ತಂದಿಟ್ಟೆ. ಗಾಳಿ ತಾಗಿದ ವೈನಿನ ಹಣೆಬರಹ ಗೊತ್ತಲ್ಲ. ಇಬ್ಬರೂ ಅದರ ಎದುರು ಕೂತೆವು. ಬಸ್ಸಿನ ಹೊತ್ತಾದಾಗ ಎದ್ದು ಬಂದೆ.

ಆಷಾಢದಲ್ಲಿ ಸಾಹೇಬರು ಬಂದರು. ಈ ಸಲ ನನ್ನನ್ನು ಕೇಳಲಿಲ್ಲ, ಅವರೇ ಬಗ್ಗಿದರು. ಮೂಗಿಲ್ಲದ ಮನುಷ್ಯನ ಕಣ್ಣಲ್ಲೂ ನೀರು ಬಂತು. ಕೆಮ್ಮುತ್ತ ಎದ್ದು, "ಸಿರ್ಕಾ" ಎಂದರು. ಕಾಗದದ ಮೇಲೆ ಬರೆದು ಕೇಸು ಮುಚ್ಚಿದರು. ಜೀಪು ಹತ್ತುವಾಗ ನನ್ನ ಹೆಗಲು ಮುಟ್ಟಿ, "ನಿಮ್ಮ ಮೂಗು ದೊಡ್ಡದು, ಮುಂದೆ ಆಗೋದೂ ಗೊತ್ತಾಗುತ್ತೆ" ಎಂದರು. ಆ ಮಾತಿಗೆ ಇವತ್ತಿಗೂ ನನಗೆ ತಲೆ ಎತ್ತಲಾಗುವುದಿಲ್ಲ. ಹೊಸಬರೇ, ನಾನು ಮಾಡಿದ್ದು ಸರಿಯೆಂದು ಹೇಳಲು ಇದನ್ನು ಬರೆದಿಲ್ಲ.

ನಿವೃತ್ತಿಯ ದಿನ ಕಲ್ಯಾಣಿಯ ಕಚೇರಿಯಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು, ನನ್ನ ಮೂಗಿನ ಮೇಲೆ ಭಾಷಣ ಮಾಡಿದರು. ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಮಧ್ಯಾಹ್ನದ ಬಸ್ಸು ಹತ್ತಿದೆ. ಎಲ್ಲಿಗೆ ಹೋಗಬೇಕೆಂದು ಆ ದಿನ ಬೇರೆ ಯೋಚನೆಯೇ ಬರಲಿಲ್ಲ. ಭರಣಿಯಲ್ಲಿ ವೈನಿಲ್ಲವೆಂದು ಗೊತ್ತಿತ್ತು. ಆದರೂ ಹೋದೆ.

ಈಗ ಎಸ್ತೇರಕ್ಕ ಇಲ್ಲ. ನನ್ನ ಮನೆಯ ಮೂಲೆಯಲ್ಲಿರುವ ಭರಣಿ ಅವರದೇ. ವರ್ಷಕ್ಕೊಮ್ಮೆ ಅವರ ಅಳತೆಯಲ್ಲೇ ಹಾಕುತ್ತೇನೆ, ಚೆನ್ನಾಗಿಯೇ ಆಗುತ್ತದೆ ಎಂದು ಮೂಗು ಹೇಳುತ್ತದೆ. ಕ್ರಿಸ್ಮಸ್ಸಿಗೆ ಅವರ ದೇವಾಲಯದವರಿಗೆ ಒಯ್ದು ಕೊಡುತ್ತೇನೆ. ಪೆನ್ಶನ್ನಿನವನನ್ನು ಈಗ ತಡೆಯುವವರಿಲ್ಲ, ಆದರೂ ನಾನು ಕುಡಿಯುವುದಿಲ್ಲ. ನನ್ನ ಲೋಟ ಆ ನಿವೃತ್ತಿಯ ದಿನವೇ ಮುಗಿದಿದೆ.

ಆ ದಿನ ಅವರು ಬಾಗಿಲಲ್ಲೇ ಕೂತಿದ್ದರು, ಬಿಳಿ ಸೀರೆ ಉಟ್ಟು, ಹಬ್ಬಕ್ಕೆ ಕೂತ ಹಾಗೆ. ಒಳಗೆ ಮೇಜಿನ ಮೇಲೆ ಹೂ ಕೊರೆದ ಗಾಜಿನ ಲೋಟ ಎರಡು, ತೊಳೆದು ಒರೆಸಿ ಇಟ್ಟಿದ್ದರು. ಭರಣಿಯಿಂದ ಒಂದೊಂದು ಚಮಚ ಹಾಕಿ, ಬೆಲ್ಲದ ನೀರು ಬೆರೆಸಿದರು. ಬಣ್ಣ ಮಾತ್ರ ವೈನಿನದೇ ಇತ್ತು.

"ಕುಡೀರಿ ಜಮೇದಾರ್ರ. ಮಾತ ಕೊಟ್ಟಿದ್ದೆ. ಮೊದಲ್ನೇ ಲೋಟ ನಿಮಗ."

ಎತ್ತಿ ಕುಡಿದೆ. ಬೆಲ್ಲ ಏನೂ ಮಾಡಿರಲಿಲ್ಲ. ಹಲ್ಲು ಚುಳ್ಳೆಂದವು, ಕಣ್ಣಿಂದ ನೀರು ಇಳಿಯಿತು. ಲೋಟವನ್ನು ಕೆಳಗಿಡದೆ ತಳದ ತನಕ ಮುಗಿಸಿದೆ.

"ಹ್ಯಾಂಗದ್ರಿ?" ಎಂದರು ಎಸ್ತೇರಕ್ಕ.

"ಸಿರ್ಕಾ ಅಕ್ಕಾ," ಎಂದೆ. "ಪೂರಾ ಆಗ್ಯದ."

ಅವರು ನಕ್ಕರು. ನನ್ನ ಲೋಟಕ್ಕೆ ಇನ್ನರ್ಧ ಹಾಕಿದರು. ನಾನು ಬೇಡ ಎನ್ನಲಿಲ್ಲ.